ಓಡುವ ಚಿತ್ರ, ಓಡಿಹೋಗುವ ಭಾಷಣಕಾರ

ನಮ್ಮ ಸಭೆಗಳಲ್ಲಿ ಈಚೆಗೆ ಒಂದು ಹೊಸ ಸಂಪ್ರದಾಯ ಬೇರೂರಿದೆ. ಉಪನ್ಯಾಸಕ್ಕೆಂದು ಬಂದ ಮಹನೀಯರು ಹತ್ತು ಹನ್ನೆರಡು ಸ್ಲೈಡುಗಳನ್ನು ತೋರಿಸಿ, ವಿಷಯ ಇನ್ನೇನು ಬಿಗಿಗೊಳ್ಳಬೇಕು ಎನ್ನುವ ಹೊತ್ತಿಗೆ, “ಈಗ ಒಂದು ಸಣ್ಣ ವಿಡಿಯೊ ನೋಡೋಣ” ಎಂದು ಪರದೆಯ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಆ ಸಣ್ಣ ವಿಡಿಯೊ ಎಂಟು ನಿಮಿಷ ಓಡುತ್ತದೆ. ಅಷ್ಟು ಹೊತ್ತೂ ಅವರು ನೀರು ಕುಡಿಯುತ್ತಾರೆ, ಕನ್ನಡಕ ಒರೆಸಿಕೊಳ್ಳುತ್ತಾರೆ, ಮೊಬೈಲು ನೋಡಿಕೊಳ್ಳುತ್ತಾರೆ. ಚಿತ್ರ ಮುಗಿದೊಡನೆ, “ನೋಡಿದಿರಲ್ಲ, ಎಷ್ಟು ಚೆನ್ನಾಗಿದೆ!” ಎಂದು ಮುಂದಿನ ಸ್ಲೈಡಿಗೆ ದಾಟುತ್ತಾರೆ. ನಾವು ನೋಡಿದ್ದೇನು, ಏಕೆ ನೋಡಿದೆವು, ಅದರಿಂದ ಅವರ ವಾದಕ್ಕೆ ಬಂದ ಬಲವೇನು ಎಂಬುದನ್ನು ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಕತ್ತಲಾದ ಸಭಾಂಗಣದಲ್ಲಿ ಎರಡು ಪಕ್ಷಕ್ಕೂ ತುಸು ವಿಶ್ರಾಂತಿ ದೊರೆಯಿತೆಂಬ ಸಮಾಧಾನಕ್ಕೆ ಚಪ್ಪಾಳೆಯಾಗುತ್ತದೆ.

ನನ್ನ ತಕರಾರು ಇರುವುದು ಈ ಸಂಪ್ರದಾಯದ ಮೇಲೆ. ವಿಡಿಯೊ ಎಂಬ ಪದಾರ್ಥದ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಸೀಮೆಸುಣ್ಣವೇ ಸಾಕು, ಕರಿಹಲಗೆಯೇ ಪರಮಪದ ಎನ್ನುವ ಹಳೆಯ ಕಾಲದ ಹಟವೂ ನನ್ನದಲ್ಲ. ಮಾತಿಗೆ ಎಟುಕದ, ನಿಶ್ಚಲ ಚಿತ್ರಕ್ಕೂ ಎಟುಕದ ಕೆಲವು ಸಂಗತಿಗಳು ಲೋಕದಲ್ಲಿವೆ. ಅವುಗಳನ್ನು ಓಡುವ ಚಿತ್ರವೊಂದೇ ತೋರಿಸಬಲ್ಲದು. ಆದರೆ ಅದನ್ನು ತೋರಿಸುವವನು ಅದಕ್ಕೆ ಯಜಮಾನನಾಗಿರಬೇಕು. ವಿಡಿಯೊ ತುಣುಕೆಂದರೆ ವಾದದ ನಡುವೆ ಕಟಕಟೆಗೆ ಕರೆಸಿದ ಒಬ್ಬ ಸಾಕ್ಷಿ. ಸಾಕ್ಷಿಯನ್ನು ಕರೆಸಿದ ವಕೀಲ ತಾನೇ ಎದ್ದು ಕಾಫಿಗೆ ಹೋದರೆ ಮೊಕದ್ದಮೆಯ ಗತಿ ಏನಾದೀತು? ನಮ್ಮ ಸಭೆಗಳಲ್ಲಿ ಆಗುತ್ತಿರುವುದು ಅದೇ.

ಮೊದಲಿಗೆ ಈ ವಿದ್ಯೆಯ ಹುಟ್ಟನ್ನು ನೋಡೋಣ. ಭಾಷಣದ ನಡುವೆ ಚಲಿಸುವ ಚಿತ್ರ ತೋರಿಸುವುದು ಕಂಪ್ಯೂಟರು ಕಲಿಸಿದ ಪಾಠವೇನೂ ಅಲ್ಲ. ಸಿನಿಮಾ ಮಂದಿರಗಳು ಏಳುವುದಕ್ಕಿಂತ ಮೊದಲೇ ಅದು ಇತ್ತು. ಕುದುರೆ ನಾಗಾಲೋಟದಲ್ಲಿ ಓಡುವಾಗ ಅದರ ನಾಲ್ಕು ಕಾಲುಗಳೂ ಒಮ್ಮೆಯಾದರೂ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಚೆಯಲ್ಲಿತ್ತು. ಬರಿಗಣ್ಣಿಗೆ ಅದು ಸಿಕ್ಕುವಂತಿರಲಿಲ್ಲ. ೧೮೭೮ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ೧೨ ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದ. ನಾಲ್ಕು ಕಾಲೂ ನೆಲ ಬಿಡುವುದು ದಿಟವೆಂದು ಸಿದ್ಧವಾಯಿತು. ಅಷ್ಟೇ ಅಲ್ಲ, ಅವು ನೆಲ ಬಿಡುವುದು ಹೊಟ್ಟೆಯ ಕೆಳಗೆ ಒಟ್ಟುಗೂಡಿದಾಗ. ಹಳೆಯ ಚಿತ್ರಕಾರರು ಬರೆಯುತ್ತಿದ್ದಂತೆ ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿದಾಗ ಅಲ್ಲ ಎಂಬುದೂ ಬಯಲಾಯಿತು.

ಮೈಬ್ರಿಜ್ ಅಲ್ಲಿಗೆ ನಿಲ್ಲಲಿಲ್ಲ. ಗಾಜಿನ ಬಿಲ್ಲೆಯ ಮೇಲೆ ಆ ಭಂಗಿಗಳನ್ನು ಬರೆಯಿಸಿ, ಬಿಲ್ಲೆಯನ್ನು ತಿರುಗಿಸಿ ಪರದೆಯ ಮೇಲೆ ಕುದುರೆಯನ್ನು ಓಡಿಸುವ ಯಂತ್ರವೊಂದನ್ನು ಕಟ್ಟಿದ. ಅದನ್ನು ಹೊತ್ತುಕೊಂಡು ಊರೂರಿಗೆ ಉಪನ್ಯಾಸಕ್ಕೆ ಹೋದ. ೧೮೮೨ರ ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ವಿದ್ವಾಂಸರ ಮುಂದೆ ಅವನು ಮಾತನಾಡಿದ್ದು ಈ ಯಂತ್ರವನ್ನು ಇಟ್ಟುಕೊಂಡೇ. ಬಿಲ್ಲೆ ಒಂದು ಸುತ್ತು ತಿರುಗಿದರೆ ಚಿತ್ರ ಮುಗಿಯಿತು. ಮತ್ತೆ ಅದೇ ಓಟ. ಇಂದಿನ ಲೆಕ್ಕದಲ್ಲಿ ಅದು ಕ್ಷಣ ಮಾತ್ರದ ತುಣುಕು. ಆದರೆ ಅದರ ಹಿಂದೆ ಒಂದು ಪ್ರಶ್ನೆಯಿತ್ತು, ಮುಂದೆ ಒಂದು ನಿರ್ಣಯವಿತ್ತು, ಪಕ್ಕದಲ್ಲಿ ಮಾತನಾಡುವ ಮನುಷ್ಯನಿದ್ದ. ಈ ಮೂರನ್ನೂ ಕಳೆದುಕೊಂಡು ಬರಿಯ ಕುದುರೆಯನ್ನು ಉಳಿಸಿಕೊಂಡವರು ನಾವು.

ತುಣುಕು ಹೇಗಿರಬೇಕೆಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇನ್ನೊಂದಿದೆ. ೧೯೭೧ರ ಆಗಸ್ಟ್ ೨ರಂದು ಅಪೊಲೊ ೧೫ರ ಯಾತ್ರಿಕ ಡೇವಿಡ್ ಸ್ಕಾಟ್ ಚಂದ್ರನ ನೆಲದ ಮೇಲೆ ನಿಂತು, ಒಂದು ಕೈಯಲ್ಲಿ ಸುತ್ತಿಗೆಯನ್ನೂ ಇನ್ನೊಂದು ಕೈಯಲ್ಲಿ ಗಿಡುಗದ ಗರಿಯನ್ನೂ ಹಿಡಿದು, ಎರಡನ್ನೂ ಒಟ್ಟಿಗೆ ಬಿಟ್ಟ. ಸುತ್ತಿಗೆಯ ತೂಕ ೧.೩೨ ಕಿಲೊಗ್ರಾಂ, ಗರಿಯದು ೩೦ ಗ್ರಾಂ. ಗಾಳಿಯಿಲ್ಲದ ಆ ಲೋಕದಲ್ಲಿ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಬೀಳುವುದಕ್ಕೆ ಹಿಡಿದ ಕಾಲ ಸುಮಾರು ಒಂದೂವರೆ ಸೆಕೆಂಡು. ಅವನ ಮಾತೂ ಸೇರಿ ಇಡೀ ತುಣುಕು ಒಂದು ನಿಮಿಷದ ಆಸುಪಾಸಿನದು. ಚಿತ್ರ ಮಸುಕು, ಗರಿ ಕಂಡೂ ಕಾಣದಂತಿದೆ. ಆದರೂ ಗೆಲಿಲಿಯೊನ ಮಾತನ್ನು ಇದಕ್ಕಿಂತ ಚೆನ್ನಾಗಿ ಮನಗಾಣಿಸುವ ಸಾಧನ ನನಗಂತೂ ತಿಳಿಯದು. ಇದು ಮಾತಿನಲ್ಲಿ ಹೇಳಿದರೆ ನಂಬಿಕೆಯ ವಿಷಯ, ಕಣ್ಣಿಗೆ ಕಂಡರೆ ಅನುಭವದ ವಿಷಯ. ಇಂಥಲ್ಲಿ ವಿಡಿಯೊ ಬೇಕು. ಚಂದ್ರನ ಮೇಲಿನ ಸುತ್ತಿಗೆಯನ್ನು ನಮ್ಮ ತರಗತಿಗೆ ತರಲು ಬೇರೆ ದಾರಿಯಿಲ್ಲ.

ಆದರೆ ನಾನು ಕಂಡ ಉಪನ್ಯಾಸಗಳಲ್ಲಿ ಇಂಥ ಅಗತ್ಯ ಎಷ್ಟು ಸಲ ಇತ್ತು? ನಾಯಕತ್ವದ ಮೇಲಿನ ಭಾಷಣಕ್ಕೆ ಹದ್ದು ಹಾರುವ ಚಿತ್ರ. ಸಹಕಾರ ತತ್ತ್ವಕ್ಕೆ ಇರುವೆಗಳ ಮೆರವಣಿಗೆ. ನೀರಿನ ಸಂರಕ್ಷಣೆಗೆ ಯಾವುದೋ ದೇಶದ ಜಲಪಾತ, ಅದಕ್ಕೊಂದು ಪಿಟೀಲಿನ ಗೋಳು. ಇವುಗಳಲ್ಲಿ ಯಾವುದೂ ಯಾವ ಪ್ರಶ್ನೆಗೂ ಉತ್ತರವಲ್ಲ. ಊಟದ ಎಲೆಯ ಮೇಲೆ ಅನ್ನ ಬೀಳುವ ಮೊದಲೇ ಉಪ್ಪಿನಕಾಯಿಯಿಂದ ಹೊಟ್ಟೆ ತುಂಬಿಸುವ ಉಪಚಾರವಿದು.

ಇದನ್ನು ಹೇಳಿದರೆ ಒಂದು ಸಿದ್ಧ ಉತ್ತರ ಬರುತ್ತದೆ: “ಇಲ್ಲ ಸಾರ್, ಜನಕ್ಕೆ ಬೇಜಾರಾಗುತ್ತದೆ. ಮಧ್ಯೆ ಒಂದು ವಿಡಿಯೊ ಹಾಕಿದರೆ ಎಚ್ಚರವಾಗುತ್ತಾರೆ, ಆಸಕ್ತಿ ಹುಟ್ಟುತ್ತದೆ, ಆಮೇಲೆ ವಿಷಯ ತಲೆಗೆ ಹತ್ತುತ್ತದೆ.” ಕೇಳಲು ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಈ ಮಾತನ್ನು ಒರೆಗೆ ಹಚ್ಚಿ ನೋಡಿದವರಿದ್ದಾರೆ. ಕ್ಯಾಲಿಫೋರ್ನಿಯದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಸಂಗಡಿಗರು ೨೦೦೧ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮಿಂಚು ಹೇಗೆ ಉಂಟಾಗುತ್ತದೆ ಎಂಬ ಪಾಠ. ಕೆಲವರಿಗೆ ಪಾಠವನ್ನಷ್ಟೇ ಕೊಟ್ಟರು; ಕೆಲವರಿಗೆ ಅದರ ನಡುನಡುವೆ ರಂಜಕವಾದ, ಆದರೆ ವಿವರಣೆಗೆ ಸಂಬಂಧಪಡದ ಮಿಂಚಿನ ವಿಡಿಯೊ ತುಣುಕುಗಳನ್ನು ಸೇರಿಸಿ ಕೊಟ್ಟರು. ಕಲಿತದ್ದನ್ನು ಹೊಸ ಪ್ರಶ್ನೆಗೆ ಅನ್ವಯಿಸಿ ಉತ್ತರಿಸಬೇಕಾಗಿ ಬಂದಾಗ ಹಿಂದೆ ಬಿದ್ದವರು ವಿಡಿಯೊ ನೋಡಿದವರು. ಇನ್ನೂ ವಿನೋದವೆಂದರೆ, ಆ ತುಣುಕುಗಳನ್ನು ಪಾಠಕ್ಕೆ ಮೊದಲು ತೋರಿಸಿದ್ದಕ್ಕಿಂತ ಪಾಠ ಮುಗಿದ ಮೇಲೆ ತೋರಿಸಿದಾಗ ಫಲ ಮೇಲಾಯಿತು. ಆಸಕ್ತಿ ಕೆರಳಿಸಿ ಪಾಠಕ್ಕೆ ಎಳೆಯುತ್ತದೆ ಎಂಬ ವಾದ ನಿಜವಾಗಿದ್ದರೆ ಇದು ತಿರುಗುಮುರುಗಾಗಬೇಕಿತ್ತು. ಎಚ್ಚರವೇನೋ ಆಗುತ್ತದೆ, ಎಚ್ಚರವಾದ ಮನಸ್ಸು ಹೋಗುವುದು ಮಾತ್ರ ಬೇರೆ ದಾರಿಗೆ.

ಇನ್ನೊಂದು ಅಧ್ಯಯನ ಇದಕ್ಕಿಂತ ಹೆಚ್ಚು ನಾಟುವಂಥದು. ೨೦೦೪ರಲ್ಲಿ ಹಾರ್ವರ್ಡಿನ ಭೌತಶಾಸ್ತ್ರದ ಅಧ್ಯಾಪಕರು, ತರಗತಿಯಲ್ಲಿ ಮಾಡಿ ತೋರಿಸುವ ಪ್ರಯೋಗಗಳಿಂದ ವಿದ್ಯಾರ್ಥಿಗಳಿಗೆ ಆಗುವ ಲಾಭವೆಷ್ಟು ಎಂದು ಅಳೆದರು. ಸುಮ್ಮನೆ ಕುಳಿತು ಪ್ರಯೋಗ ನೋಡಿದವರ ತಿಳಿವಳಿಕೆ, ಪ್ರಯೋಗವನ್ನೇ ನೋಡದವರಿಗಿಂತ ಹೇಳಿಕೊಳ್ಳುವಷ್ಟೇನೂ ಹೆಚ್ಚಲಿಲ್ಲ. ಪ್ರಯೋಗಕ್ಕೆ ಮೊದಲು “ಏನಾಗಬಹುದು, ಊಹಿಸಿ” ಎಂದು ಕೇಳಿಸಿಕೊಂಡು ಉತ್ತರ ಕೊಟ್ಟವರು ಮಾತ್ರ ಮುಂದಾದರು. ಇದು ಕಣ್ಣೆದುರೇ ನಡೆದ ಪ್ರಯೋಗಗಳ ಮಾತು. ಸಾಕ್ಷಾತ್ ಪ್ರಯೋಗದ ಗತಿಯೇ ಹೀಗಾದರೆ, ಪರದೆಯ ಮೇಲಿನ ನೆರಳಿನ ಗತಿ ಇದಕ್ಕಿಂತ ಮೇಲಾದೀತೆಂದು ನಂಬುವುದಕ್ಕೆ ಕಾರಣವೇನಿದೆ? ಸ್ಕಾಟನ ಸುತ್ತಿಗೆಯನ್ನು ಬೀಳಿಸುವ ಮೊದಲು ಚಿತ್ರವನ್ನು ಅಲ್ಲಿಯೇ ತಡೆದು, “ಯಾವುದು ಮೊದಲು ಬೀಳುತ್ತದೆ, ಕೈ ಎತ್ತಿ” ಎಂದು ಕೇಳುವ ಮೇಷ್ಟ್ರು ಆ ಒಂದು ನಿಮಿಷದಲ್ಲಿ ಪಾಠ ಮಾಡಿದರು. ಕೇಳದೆ ಗುಂಡಿ ಒತ್ತಿದ ಮೇಷ್ಟ್ರು ಸಿನಿಮಾ ತೋರಿಸಿದರು.

ಪರದೆಯ ಮೇಲೆ ಕಂಡದ್ದೆಲ್ಲ ಸತ್ಯ ಎಂಬ ನಂಬಿಕೆ ಇದೆಯಲ್ಲ, ಇನ್ನು ಅದರ ವಿಚಾರ. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದು ಈ ಕಾಲಕ್ಕೆಂದೇ ಇರಬೇಕು. ಎಂಜಿನಿಯರಿಂಗ್ ಮತ್ತು ಭೌತಶಾಸ್ತ್ರದ ತರಗತಿಗಳಲ್ಲಿ ಬಹಳ ಪ್ರಸಿದ್ಧವಾದ ಚಿತ್ರವೊಂದಿದೆ: ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ನ್ಯಾರೋಸ್ ಸೇತುವೆ ಕುಸಿದ ಚಿತ್ರ. ೧೯೪೦ರ ಜುಲೈ ೧ರಂದು ಸಂಚಾರಕ್ಕೆ ತೆರೆದ ಆ ತೂಗುಸೇತುವೆ ಅದೇ ವರ್ಷದ ನವೆಂಬರ್ ೭ರಂದು ಗಾಳಿಗೆ ಸಿಕ್ಕಿ, ಹಸಿ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ನೀರಿಗೆ ಬಿತ್ತು. ಪುಣ್ಯಕ್ಕೆ, ಕಾರಿನಲ್ಲಿ ಸಿಕ್ಕಿಕೊಂಡ ಒಂದು ನಾಯಿಯ ಹೊರತು ಪ್ರಾಣಹಾನಿಯಾಗಲಿಲ್ಲ. ಊರಿನ ಕ್ಯಾಮೆರಾ ಅಂಗಡಿಯ ಬಾರ್ನಿ ಎಲಿಯಟ್ ಅದನ್ನು ಚಿತ್ರೀಕರಿಸಿಕೊಂಡ. ಕಬ್ಬಿಣವೂ ಕಾಂಕ್ರೀಟೂ ಅಲೆಯಂತೆ ಏಳುವುದನ್ನು ಕಂಡವರು ಮರೆಯಲಾರರು. ಮಾತು ಇಲ್ಲಿ ಸೋಲುತ್ತದೆ, ಒಪ್ಪಿದೆ.

ಆದರೆ ಈ ಸಾಕ್ಷಿಯ ಮಾತನ್ನು ಪರೀಕ್ಷಿಸಿ ನೋಡಿ. ಅಂದು ದಡದಲ್ಲಿದ್ದವರು ಗಡಿಯಾರ ಹಿಡಿದು ಎಣಿಸಿದಾಗ ಸೇತುವೆ ನಿಮಿಷಕ್ಕೆ ೧೨ ಬಾರಿ ತಿರುಚುತ್ತಿತ್ತು. ಈಗ ಎಲ್ಲೆಡೆ ಓಡಾಡುತ್ತಿರುವ ವಿಡಿಯೊದಲ್ಲಿ ಎಣಿಸಿದರೆ ೧೮ ಬಾರಿ. ಕಾರಣ ಸರಳ: ಸೆಕೆಂಡಿಗೆ ೧೬ ಚೌಕಟ್ಟುಗಳಂತೆ ತೆಗೆದ ಫಿಲ್ಮನ್ನು ಮುಂದೆ ೨೪ ಚೌಕಟ್ಟುಗಳ ವೇಗದಲ್ಲಿ ನಕಲಿಳಿಸಿದರು, ಸೇತುವೆ ಒಂದೂವರೆ ಪಾಲು ಅವಸರದಿಂದ ಕುಣಿಯತೊಡಗಿತು. ‘ದ ಫಿಸಿಕ್ಸ್ ಟೀಚರ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿ ಲೇಖನ ಬಂದದ್ದು ೨೦೧೫ರಲ್ಲಿ. ಅಷ್ಟರಲ್ಲಿ ಎಷ್ಟು ತಲೆಮಾರಿನ ವಿದ್ಯಾರ್ಥಿಗಳು ಆ ಚಿತ್ರ ನೋಡಿ ಸೇತುವೆಯ ವೇಗವನ್ನು ಲೆಕ್ಕ ಹಾಕಿರಬಹುದು, ನೀವೇ ಊಹಿಸಿ.

ಇದು ವೇಗದ ಮಾತಾಯಿತು. ಕಾರಣದ ಮಾತು ಇನ್ನೂ ದೊಡ್ಡದು. ಚಿತ್ರ ತೋರಿಸಿದವರು ಬಹುಕಾಲ ಹೇಳುತ್ತ ಬಂದದ್ದು, ಇದು ಅನುರಣನೆಯ ಫಲ; ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸರಿಯಾಗಿ ತಳ್ಳಿದಂತೆ ಗಾಳಿ ಸೇತುವೆಯನ್ನು ತಳ್ಳಿತು, ಎಂದು. ಅದು ಅಷ್ಟು ಸರಳವಲ್ಲವೆಂದು ಬಿಲ್ಲಾ ಮತ್ತು ಸ್ಕ್ಯಾನ್‌ಲನ್ ಎಂಬ ಇಬ್ಬರು ೧೯೯೧ರಲ್ಲಿ ವಾದಿಸಿ ತೋರಿಸಿದರು. ಗಾಳಿ ತಾಳ ಹಾಕಿಕೊಂಡು ತಳ್ಳಲಿಲ್ಲ. ಸೇತುವೆ ತಾನು ತಿರುಚಿದ್ದರಿಂದಲೇ ಬೀಸುಗಾಳಿಯಿಂದ ಇನ್ನಷ್ಟು ಶಕ್ತಿ ಹೀರಿ, ಮತ್ತಷ್ಟು ತಿರುಚಿಕೊಂಡಿತು. ಈ ಎರಡು ವಿವರಣೆಗಳಲ್ಲಿ ಯಾವುದು ಸರಿ ಎಂಬುದನ್ನು ಚಿತ್ರ ಹೇಳುವುದಿಲ್ಲ, ಹೇಳಲಾರದು. ಅದೇ ಚಿತ್ರವನ್ನು ಇಟ್ಟುಕೊಂಡು ಎರಡನ್ನೂ ಹೇಳಬಹುದು. ಕಣ್ಣಿಗೆ ಕಾಣುವುದು ಸೇತುವೆ ಬಿದ್ದದ್ದು; ಏಕೆ ಬಿತ್ತೆಂಬುದನ್ನು ಹೇಳಬೇಕಾದವನು ಮನುಷ್ಯ. ಅವನೇ ಪಕ್ಕಕ್ಕೆ ಸರಿದು ನೀರು ಕುಡಿಯುತ್ತಿದ್ದರೆ ಕೇಳುಗನಿಗೆ ಉಳಿಯುವುದು ಬರಿಯ ಬೆರಗು. ಬೆರಗಿನಿಂದ ಮೇಲೆ ಹೇಳಿದ ತಪ್ಪುಗಳು ತಿದ್ದಲಾರವು.

ಆದ್ದರಿಂದ ನನ್ನ ಮೊದಲನೆಯ ಆಗ್ರಹ ಇಷ್ಟು: ತುಣುಕು ಓಡುವಾಗ ಭಾಷಣಕಾರ ಬಾಯಿ ಬಿಡಬೇಕು. ಚಿತ್ರದಲ್ಲಿನ ದನಿಯೇ ಸಾಕ್ಷ್ಯವಾಗಿದ್ದರೆ, ಹಕ್ಕಿಯ ಕೂಗು, ಒಬ್ಬ ಮನುಷ್ಯನ ಹೇಳಿಕೆ, ಕೆಟ್ಟ ಯಂತ್ರದ ಗರಗರ, ಇಂಥ ಕಡೆ ಆ ದನಿ ಇರಲಿ. ಉಳಿದಂತೆ ಅದರ ಸಂಗೀತವನ್ನೂ ಅಪರಿಚಿತ ವ್ಯಾಖ್ಯಾನಕಾರನ ಇಂಗ್ಲಿಷನ್ನೂ ನಿಲ್ಲಿಸಿ, ತನ್ನ ಮಾತಿನಲ್ಲಿ, ನಮ್ಮೆದುರಿನ ಸಭೆಯ ಭಾಷೆಯಲ್ಲಿ, “ಎಡಗಡೆಯ ಕಂಬ ನೋಡಿ, ಈಗ ಹಗ್ಗ ಸಡಿಲವಾಯಿತು” ಎಂದು ಹೇಳಬೇಕು. ಇದೇನು ಹೊಸ ಬೇಡಿಕೆಯೇ? ನಮ್ಮ ತೊಗಲುಗೊಂಬೆಯಾಟದ ಕಲಾವಿದ ಪರದೆಯ ಹಿಂದೆ ನಿಂತು ಗೊಂಬೆಯನ್ನು ಆಡಿಸುತ್ತಲೇ ಹಾಡುತ್ತಾನೆ, ಮಾತನಾಡುತ್ತಾನೆ. ಗೊಂಬೆಯನ್ನು ಪರದೆಗೆ ಚುಚ್ಚಿ ಬೀಡಿ ಸೇದಲು ಹೋದವನನ್ನು ಯಾರೂ ಕಲಾವಿದನೆಂದು ಕರೆಯಲಿಲ್ಲ. ಜಪಾನಿನಲ್ಲಿ ಮೂಕಚಿತ್ರಗಳ ಕಾಲದಲ್ಲಿ ಬೆನ್ಶಿ ಎಂಬ ವ್ಯಾಖ್ಯಾನಕಾರರು ಪರದೆಯ ಪಕ್ಕದಲ್ಲಿ ನಿಂತು ಕಥೆ ನಡೆಸುತ್ತಿದ್ದರು. ಅವರ ಮಾತು ಕೇಳುವುದಕ್ಕೆಂದೇ ಜನ ಬರುತ್ತಿದ್ದುದುಂಟು. ಚಿತ್ರದ ಪಕ್ಕದಲ್ಲಿ ಮನುಷ್ಯದನಿ ಸೊರಗುವುದಿಲ್ಲ, ನಾವೇ ಸೊರಗಿಸಿದ್ದೇವೆ.

ಎರಡನೆಯದು ಕತ್ತರಿಯ ವಿಷಯ. ಬೇಕಾದದ್ದು ನಲವತ್ತು ಸೆಕೆಂಡಾದರೆ ನಲವತ್ತೇ ಸೆಕೆಂಡು ಇರಲಿ. ಮೊದಲಿನ ಹೆಸರುಪಟ್ಟಿ, ತಿರುಗುವ ಭೂಗೋಳ, ಕೊನೆಯ “ನಮ್ಮನ್ನು ಹಿಂಬಾಲಿಸಿ” ಎಂಬ ಮೊರೆ, ಇವುಗಳಿಂದ ಸಭೆಗೆ ಏನಾಗಬೇಕಾಗಿದೆ? ಹಾಗೆಂದು ಚಿತ್ರ ತೆಗೆದವರ ಹೆಸರನ್ನೂ ಕಾಲವನ್ನೂ ಕತ್ತರಿಸಬಾರದು. ಯಾರು, ಎಲ್ಲಿ, ಯಾವಾಗ ತೆಗೆದದ್ದೆಂಬ ಒಂದು ಸಾಲು ಸ್ಲೈಡಿನ ಕೆಳಗೆ ಇರಲೇಬೇಕು. ಹೆಸರಿಲ್ಲದ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ಕತ್ತರಿಸುವಾಗ ಅರ್ಥ ತಿರುಗದಂತೆ ನೋಡಿಕೊಳ್ಳುವುದೂ ತೋರಿಸುವವನ ಧರ್ಮ.

ಮೂರನೆಯದು ಬರಿಯ ಮನೆವಾರ್ತೆಯ ಮಾತು, ಆದರೆ ಅತಿ ಹೆಚ್ಚು ಮಾನ ಹೋಗುವುದು ಇಲ್ಲಿಯೇ. ತುಣುಕನ್ನು ಸ್ಲೈಡಿನ ಕಡತದೊಳಗೇ ಅಡಕಮಾಡಬೇಕು. ಅಂತರಜಾಲದ ಕೊಂಡಿ ಕೊಟ್ಟು ದೇವರ ಮೇಲೆ ಭಾರ ಹಾಕಬಾರದು. ತರಬೇತಿ ಶಿಬಿರವೊಂದರಲ್ಲಿ ನಾನು ಕಂಡದ್ದು: ಭಾಷಣಕಾರರು ಕೊಂಡಿಯನ್ನು ಒತ್ತಿದರು, ಪರದೆಯ ನಡುವೆ ಒಂದು ಉಂಗುರ ಸುತ್ತತೊಡಗಿತು, ನಲವತ್ತು ಮಂದಿ ಆ ಉಂಗುರವನ್ನು ಭಕ್ತಿಯಿಂದ ನೋಡಿದರು, ಕೊನೆಗೆ ಚಿತ್ರ ಬಂತು. ಬಂದದ್ದು ಚಿನ್ನದ ಸಾಲದ ಜಾಹೀರಾತು. ವಿಷಯ ಮಣ್ಣಿನ ಸವಕಳಿ! ೧೯೮೭ರಲ್ಲಿ ಹುಟ್ಟಿದ ಪವರ್‌ಪಾಯಿಂಟಿನಲ್ಲಿ ಬಹುಕಾಲ ವಿಡಿಯೊವನ್ನು ಬೇರೆ ಕಡತವಾಗಿಯೇ ಜೊತೆಗೆ ಹೊತ್ತುಕೊಂಡು ಹೋಗಬೇಕಾಗಿತ್ತು. ಸ್ಲೈಡು ಪೆನ್‌ಡ್ರೈವಿನಲ್ಲಿ ಬಂದು ವಿಡಿಯೊ ಮನೆಯಲ್ಲೇ ಉಳಿಯುವುದು ಸಾಮಾನ್ಯವಾಗಿತ್ತು. ೨೦೧೦ರ ಆವೃತ್ತಿಯಿಂದ ವಿಡಿಯೊ ತಾನಾಗಿ ಕಡತದೊಳಗೆ ಸೇರುತ್ತದೆ. ಆದಿ ಅಂತ್ಯಗಳನ್ನು ಅಲ್ಲಿಯೇ ಕತ್ತರಿಸಬಹುದು, ಓಡುವ ಮೊದಲು ಯಾವ ಚೌಕಟ್ಟು ಕಾಣಬೇಕೆಂದು ಗೊತ್ತುಮಾಡಬಹುದು. ಇಷ್ಟು ಅನುಕೂಲವಿದ್ದೂ ಉಂಗುರದ ದರ್ಶನ ಮಾಡಿಸುವವರನ್ನು ಏನೆನ್ನೋಣ? ಸಭೆಗೆ ಕಾಲು ಗಂಟೆ ಮೊದಲೇ ಬಂದು, ಅದೇ ಪ್ರೊಜೆಕ್ಟರಿನಲ್ಲಿ, ಅದೇ ಸ್ಪೀಕರಿನಲ್ಲಿ, ಒಮ್ಮೆ ಓಡಿಸಿ ನೋಡುವುದು ಕೇಳುಗರಿಗೆ ತೋರಿಸುವ ಕನಿಷ್ಠ ಮರ್ಯಾದೆ. ಕಚೇರಿಗೆ ಮುನ್ನ ತಂಬೂರಿ ಶ್ರುತಿ ಮಾಡಿಕೊಳ್ಳದ ಗಾಯಕರನ್ನು ನಾವು ಸಹಿಸುತ್ತೇವೆಯೆ?

“ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿದೆ ಸ್ವಾಮಿ?” ಎಂದು ಕೇಳುವವರಿದ್ದಾರೆ. ಅವರಲ್ಲಿ ದಿನಕ್ಕೆ ಐದಾರು ತರಗತಿ ನಡೆಸಿ, ದಾಖಲೆ ಪುಸ್ತಕ ತುಂಬಿಸಿ ಸೋತ ಶಾಲೆಯ ಅಧ್ಯಾಪಕರ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಎಂಟು ನಿಮಿಷದ ಚಿತ್ರವನ್ನು ನಲವತ್ತು ಸೆಕೆಂಡಿಗೆ ಇಳಿಸಲು ಒಂದು ಸಂಜೆಯೇ ಬೇಕಾಗಬಹುದು. ಅದಕ್ಕೆ ನನ್ನ ಉತ್ತರ ಒಂದೇ: ಪುರುಸೊತ್ತಿಲ್ಲದಿದ್ದರೆ ವಿಡಿಯೊ ಬೇಡ. ಅದಿಲ್ಲದೆ ಪಾಠ ಕೆಡುವುದಿಲ್ಲ. ಹಲಗೆಯ ಮೇಲೆ ಬರೆದ ಒಂದು ಗೆರೆಯ ಚಿತ್ರ, ಕೈಯಿಂದ ಬಿಟ್ಟ ಒಂದು ಕಾಗದದ ಉಂಡೆ, ಸಿದ್ಧಪಡಿಸದೆ ತೋರಿಸಿದ ಯಾವ ವಿಡಿಯೊಗಿಂತಲೂ ಮೇಲು.

ಇಷ್ಟು ಕಟುವಾಗಿ ಬರೆಯಲು ಕಾರಣ ಸಭೆಗಳ ಬೇಸರವೊಂದೇ ಆಗಿದ್ದರೆ ನಾನೂ ಉಳಿದವರಂತೆ ಕತ್ತಲಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನನಗಿರುವ ಭಯ ಬೇರೆ. ೨೦೧೭ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ದೆಸೆಯಿಂದ ಪಠ್ಯಪುಸ್ತಕದ ಪುಟದಲ್ಲೇ ಕ್ಯೂಆರ್ ಸಂಕೇತ ಅಚ್ಚಾಗಿ, ಮೊಬೈಲು ಹಿಡಿದರೆ ವಿಡಿಯೊ ಪಾಠ ತೆರೆದುಕೊಳ್ಳುತ್ತದೆ. ಒಳ್ಳೆಯದೇ, ದೂರದ ಹಳ್ಳಿಯ ಮಗುವಿಗೆ ಅದು ಉಪಕಾರ. ಆದರೆ ಮನೆಯಲ್ಲಿ ಸಿಗುವ ವಿಡಿಯೊವನ್ನೇ ತರಗತಿಯಲ್ಲೂ ಹಾಕಿ ಮೇಷ್ಟ್ರು ಕಿಟಕಿಯ ಬಳಿ ನಿಂತರೆ, ನಾಳೆ ಒಬ್ಬ ಜಾಣ ಆಡಳಿತಗಾರ ಕೇಳಿಯೇ ಕೇಳುತ್ತಾನೆ: “ಗುಂಡಿ ಒತ್ತುವುದಕ್ಕೆ ಇಷ್ಟು ಸಂಬಳವೇ? ಜವಾನನೇ ಒತ್ತುತ್ತಾನಲ್ಲ.” ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಬೇಕಾದರೆ, ವಿಡಿಯೊ ಮಾಡಲಾಗದ್ದನ್ನು ನಾವು ಈ ಹೊತ್ತೇ ಮಾಡುತ್ತಿರಬೇಕು. ಮಗುವಿನ ಮುಖ ನೋಡಿ ಚಿತ್ರವನ್ನು ನಿಲ್ಲಿಸಲು ವಿಡಿಯೊಗೆ ಬರುವುದಿಲ್ಲ. ಹಿಂದಿನ ಬೆಂಚಿನ ಹುಡುಗಿಯ ಹುಬ್ಬು ಗಂಟಿಕ್ಕಿದ್ದನ್ನು ಕಂಡು, “ಏನಮ್ಮ, ಎಲ್ಲಿ ಸಂಶಯ?” ಎಂದು ಕೇಳಲು ಬರುವುದಿಲ್ಲ. ಈ ಚಿತ್ರದ ವೇಗ ತಪ್ಪಿದೆ, ನಂಬಬೇಡಿ ಎಂದು ತನ್ನ ಮೇಲೆಯೇ ದೂರು ಹೇಳಿಕೊಳ್ಳಲು ಅದಕ್ಕೆ ಬರುವುದಿಲ್ಲ.

ಪವರ್‌ಪಾಯಿಂಟಿನಲ್ಲಿ ಒಂದು ಸಣ್ಣ ಸೌಕರ್ಯವಿದೆ, ಬಲ್ಲವರು ಕಡಿಮೆ. ಸ್ಲೈಡು ಓಡುತ್ತಿರುವಾಗ ಕೀಲಿಮಣೆಯ ಬಿ ಅಕ್ಷರವನ್ನು ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಹಿಂದಿರುಗುತ್ತದೆ. ತುಣುಕು ಮುಗಿದ ಕೂಡಲೇ ಆ ಕೀಲಿಯನ್ನು ಒತ್ತಿ, ದೀಪ ಹಾಕಿಸಿ, ಸಭೆಯ ಎದುರಿಗೆ ಬಂದು ನಿಂತು, “ನೀವು ಏನು ಕಂಡಿರಿ?” ಎಂದು ಕೇಳುವ ಧೈರ್ಯ ಯಾರಿಗಿದೆಯೋ ಅವರು ಎಷ್ಟು ವಿಡಿಯೊ ಬೇಕಾದರೂ ತೋರಿಸಲಿ. ಆ ಧೈರ್ಯವಿಲ್ಲದವರು ದಯಮಾಡಿ ಮುಂದಿನ ಸಲ ನಮಗೆ ಕೊಂಡಿಯನ್ನಷ್ಟೇ ಕಳುಹಿಸಲಿ. ಮನೆಯಲ್ಲಿ ಕುಳಿತು ನೋಡಿಕೊಳ್ಳುತ್ತೇವೆ, ಬಸ್ಸಿನ ಖರ್ಚಾದರೂ ಉಳಿದೀತು.